ಈ ಪಾಲು ಯಾರಿಗೆ?

ನಗೋರು ಹತ್ರ ಬಂದು ಕೂತ್ಕಳಿ, ನಗದೋರು ಎದ್ದು ಮನೆಗೆ ಹೋಗಿ! ಒಂದೂರಲ್ಲಿ ಚಿಕ್ಕತಾಯಿ ಅಂತ ಒಬ್ಬ ಹೆಂಗಸು. ಗಂಡ ಇಲ್ಲ. ಮಗನೊಬ್ಬ, ಮೊಗಣ್ಣ. ಆಳು ಆರಡಿ, ಬುದ್ಧಿ ಅರ್ಧ ಅಡಿಯೂ ಇಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವಳ ಗೋಳು.

ಬೇಸಿಗೇಲಿ ಕೆರೆ ಒಣಗಿದಾಗ ಊರಿನ ಹತ್ತು ಮನೆಯೋರು ಕೆರೆಯಂಗಳ ಹಂಚ್ಕಂಡು ಸೌತೆ ಬೆಳೀತಿದ್ರು. ಪಟೇಲ ಸಿಂಗ್ರೇಗೌಡನಿಗೆ ವರ್ಷವರ್ಷವೂ ಹೂಳು ತುಂಬಿದ ದೊಡ್ಡ ಪಾಲು. ಚಿಕ್ಕತಾಯಿಗೆ ವರ್ಷವರ್ಷವೂ ಬಂಡೆಯ ಪಾಲು. ಬಂಡೆ ಮೇಲೆ ಸೌತೆ ಬೆಳೆಯುತ್ತಾ? ಬೇಸಿಗೆಯೆಲ್ಲ ತಾಯಿ ಮಗ ಅರೆಹೊಟ್ಟೆ.

"ಈ ಊರಲ್ಲಿ ಸಮ ಹಂಚೋರೇ ಇಲ್ವಲ್ಲೋ! ನೀನಾದ್ರೂ ಎಲ್ರಿಗೂ ಸಮ ಹಂಚೋ ಮಗ!"

"ಆಗ್ಲಿ ಕಣವ್ವ!"

ಮದುವೆ ಮನೇಲಿ ಬಡಿಸೋಕೆ ನಿಂತ. ಪೈಲ್ವಾನನಿಗೂ ಒಂದು ಮುದ್ದೆ, ತೊಟ್ಟಿಲ ಕೂಸಿಗೂ ಒಂದು ಮುದ್ದೆ! ಕೂಸಿನ ತಾಯಿ ಸೌಟು ಹಿಡಿದು ಅಟ್ಟಿಸ್ಕಂಡು ಬಂದಳು.

"ಅಯ್ಯೋ ಪೆದ್ದೇ! ಇಲ್ಲದೋರಿಗೆ ಮೊದ್ಲು ಕೊಡ್ಬೇಕು ಕಣೋ!" ಅಂದಳು ಚಿಕ್ಕತಾಯಿ.

"ಆಗ್ಲಿ ಕಣವ್ವ!"

ಅವ್ವನಿಗೆ ಅಂತ ಸಂತೇಲಿ ಬಾಚಣಿಗೆ ತಗಂಡ. ದಾರೀಲಿ ಬೋಳುತಲೆ ಕೆಂಚಯ್ಯ ಸಿಕ್ಕ. "ಪಾಪ, ಒಂದು ಕೂದ್ಲೂ ಇಲ್ಲ! ಇಲ್ಲದೋರಿಗೆ ಮೊದ್ಲು!" ಅಂತ ಬಾಚಣಿಗೆ ಅವನ ಕೈಗಿಟ್ಟ. ಕೆಂಚಯ್ಯ ನಾಲ್ಕು ಬಿಟ್ಟ.

"ಅಯ್ಯೋ ಪೆದ್ದೇ! ಮೊದ್ಲು ಅವರ ಜಾಗದಲ್ಲಿ ನಿಂತು ನೋಡೋ! ಆಮೇಲೆ ಹಂಚು!"

"ಆಗ್ಲಿ ಕಣವ್ವ!"

ಅಷ್ಟರಲ್ಲಿ ಕೆರೆಯಂಗಳ ಹಂಚೋ ದಿನ ಬಂತು. ಅಲ್ಲಿನ ಪದ್ಧತಿ ಏನಪ್ಪಾ ಅಂದ್ರೆ, ಒಬ್ಬ ಬೆನ್ನು ಮಾಡಿ ನಿಲ್ತಾನೆ. ಇನ್ನೊಬ್ಬ ಒಂದೊಂದೇ ಪಾಲಿನ ಮೇಲೆ ನಿಂತು "ಈ ಪಾಲು ಯಾರಿಗೆ?" ಅಂತಾನೆ. ಬೆನ್ನು ಮಾಡಿದೋನು ಹೆಸರು ಕೂಗ್ತಾನೆ. ಕೂಗಿದ ಮೇಲೆ ಮಾತು ವಾಪಸ್ಸಿಲ್ಲ. ಕೂಗೋನಿಗೆ ಪಟೇಲ ಮುಂಚೇನೇ ಹೇಳಿಕೊಟ್ಟಿರ್ತಿದ್ದ, ಅದು ಬೇರೆ ಮಾತು! ಈ ಸಲ ಪೆದ್ದನೇ ವಾಸಿ ಅಂತ ಮೊಗಣ್ಣನ್ನ ಹಿಡಿದ.

"ಮೊದಲು ಕೇಳೋದು ಹೂಳಿನ ಪಾಲು. ನನ್ನ ಹೆಸರು ಕೂಗು. ತಿಳೀತೇನೋ?" ಅಂತ ಕಿವೀಲಿ ಪಿಸುಗುಟ್ಟಿದ.

"ತಿಳೀತು ಗೌಡ್ರೇ! ಆದ್ರೆ ಹಂಚೋಕೆ ಮುಂಚೆ ಜಾಗದಲ್ಲಿ ನಿಂತು ನೋಡು ಅಂದವ್ಳೆ ನಮ್ಮವ್ವ. ನಾನು ಅಲ್ಲಿ ನಿಂತು ಕೇಳ್ತೀನಿ, ನೀವು ಇಲ್ಲಿ ಬೆನ್ನು ಮಾಡಿ ಕೂಗಿ!" ಅಂದ ಮೊಗಣ್ಣ, ಎಲ್ರಿಗೂ ಕೇಳೋ ಹಂಗೆ.

ಊರೋರು ಗೊಳ್ಳಂತ ನಕ್ಕರು. ಪಟೇಲ ಒಳಗೊಳಗೇ ಹಿಗ್ಗಿದ. ತನ್ನ ಹೆಸರು ತಾನೇ ಕೂಗಿದ್ರೆ ಇನ್ನೂ ಸಲೀಸಲ್ವಾ? ಬೆನ್ನು ಮಾಡಿ ನಿಂತ.

ಮೊಗಣ್ಣ ಹೂಳು ದಾಟಿದ. ಅವ್ವನ ಜಾಗಕ್ಕೇ ಹೋದ. ಬಂಡೆ ಹತ್ತಿ ನಿಂತ.

"ಈ ಪಾಲು ಯಾರಿಗೆ?"

"ನನಗೇ! ಸಿಂಗ್ರೇಗೌಡನಿಗೇ!"

ತಿರುಗಿ ನೋಡ್ತಾನೆ, ಬಂಡೆ! ಹೆಂಗಸರೆಲ್ಲ ಕೇಕೆ ಹಾಕಿದ್ರು. "ಕೂಗಿದ ಮಾತು ವಾಪಸ್ಸಿಲ್ಲ ಗೌಡ್ರೇ!"

"ಅಯ್ಯೋ, ಕೈ ಮುಗೀತೀನಿ! ಎಲ್ಲ ಅಳಿಸಿ, ಹೊಸದಾಗಿ ಅಳೀತೀನಿ!"

"ಅಳೀರಿ! ಆದ್ರೆ ಯಾವ ಪಾಲು ಯಾರಿಗೆ ಅಂತ ಯಾರಿಗೂ ಹೇಳಿಕೊಡಂಗಿಲ್ಲ!" ಅಂದಳು ಚಿಕ್ಕತಾಯಿ. ಜನ್ಮದಲ್ಲಿ ಮೊದಲ ಸಲ ಅವಳ ದನಿ ಪಟೇಲನ ದನಿಗಿಂತ ಜೋರಾಗಿತ್ತು.

ಅಳೆದ ನೋಡಿ ಪಟೇಲ! ಮೊಣಕಾಲೂರಿ, ಹಗ್ಗ ಹಿಡಿದು, ಗೇಣುಗೇಣು! ಎಲ್ಲ ಪಾಲಿಗೂ ಅಷ್ಟೇ ಹೂಳು, ಎಲ್ಲ ಪಾಲಿಗೂ ಅಷ್ಟೇ ಕಲ್ಲು. ತನಗೆ ಯಾವುದು ಬೀಳುತ್ತೋ ಗೊತ್ತಿಲ್ವಲ್ಲ! ಆ ಬೇಸಿಗೇಲಿ ಹತ್ತು ಮನೇಲೂ ಸೌತೆಕಾಯಿ. ಚಿಕ್ಕತಾಯಿ ತಮ್ಮ ಪಾಲಿನ ಹೂಳನ್ನ ಬೊಗಸೇಲಿ ಎತ್ತಿ ಎತ್ತಿ ನೋಡಿದಳು, ಖುಷಿಗೆ ಅತ್ತಳು.

ಹಾಂ, ಒಂದು ಹೇಳೋದು ಮರೆತೆ! ಅವತ್ತು ಪಾಲು ಹಂಚಿ ಮುಗೀತು, ಊರೋರು ಮನೆಗೆ ಹೋದ್ರು. ಮಗ ಮಾತ್ರ ಬರಲಿಲ್ಲ. ಚಿಕ್ಕತಾಯಿ ಓಡಿ ಬಂದು ನೋಡ್ತಾಳೆ, ಬಂಡೆ ಮೇಲೇ ನಿಂತವ್ನೆ!

"ಯಾಕೋ ಮಗ, ಇನ್ನೂ ಇಲ್ಲೇ ನಿಂತಿದ್ದೀಯ?"

"ನಿಂತು ನೋಡು ಅಂದೆ. ಇಳಿ ಅಂತ ಅನ್ನಲೇ ಇಲ್ವಲ್ಲವ್ವ!"