ಬಂಗುಡೆಯ ಕೂಗು

ಗುರುವಿಗೆ ಗಡ್ಡ ಇರಲೇಬೇಕು ಎನ್ನುವವರು ಬೇರೆ ಕಥೆ ಓದಿಕೊಳ್ಳಲಿ. ಈ ಗುರುವಿನ ಹೆಸರು ಅಕ್ಕು ಅಜ್ಜಿ. ಹೊಳೆದಂಡೆಯ ಒಂದು ತೆಂಗಿನ ಬುಡವೇ ಅವಳ ಆಶ್ರಮ.

ನಲವತ್ತು ವರ್ಷ ಅವಳು ಮೀನಿನ ಬುಟ್ಟಿ ಹೊತ್ತು ಕಡಲದಂಡೆಯಿಂದ ಗುಡ್ಡದ ಮೇಲಿನ ಪೇಟೆಗೆ ಓಡಿದವಳು. ಬಿಸಿಲೇರುವ ಮುಂಚೆ ಮುಟ್ಟದಿದ್ದರೆ ಮೀನು ಹಾಳು.

ಒಂದು ಬೇಸಗೆ, ಕಾಲೇಜಿನ ಓಟಗಾರ್ತಿ ವಾರಿಜ ಬಂದು ಅವಳ ಮುಂದೆ ಕೂತಳು. ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟಿತ್ತು. ಬೆವರು ಇಳಿಯುತ್ತಿತ್ತು, ಆರುತ್ತಿರಲಿಲ್ಲ.

“ಅಜ್ಜಿ, ಹತ್ತು ಕಿಲೋಮೀಟರ್ ಓಟದಲ್ಲಿ ಎರಡು ಸಲವೂ ಅರ್ಧ ದಾರಿಗೆ ಕಣ್ಣು ಕತ್ತಲೆ ಬಂದು ಬಿದ್ದೆ. ಇನ್ನೊಮ್ಮೆ ಬಿದ್ದರೆ ತಂಡದಿಂದ ತೆಗೀತಾರೆ.”

“ಹೇಗೆ ಓಡ್ತಿ?”

“ಹಲ್ಲು ಕಚ್ಚಿ.”

“ಅದೇ ತಪ್ಪು. ಬಾಯಿ ಬಿಟ್ಟು ಓಡು.”

ಅಜ್ಜಿ ಖಾಲಿ ಬುಟ್ಟಿಯೊಂದನ್ನು ಅವಳ ತಲೆಗಿಟ್ಟಳು. “ಪೇಟೆಗೆ ಓಡಿ ಹೋಗಿ ಬಾ. ಮನೆ ಮನೆ ಮುಂದೆ ‘ಬಂಗುಡೇ’ ಅಂತ ಕೂಗು.”

“ಮೀನೇ ಇಲ್ವಲ್ಲ ಅಜ್ಜಿ!”

“ಯಾರಾದ್ರೂ ಕರೆದ್ರೆ ಖಾಲಿಯಾಯ್ತು ಅನ್ನು, ಮಾರಾಯ್ತಿ.”

ವಾರಿಜ ಹೋಗಿ ಬಂದಳು. ಗುಡ್ಡದ ಏರಿನಲ್ಲೇ ಮೂರು ಸಲ ಕೂತೆದ್ದಿದ್ದಳು.

“ಕೂಗಿದ್ಯಾ?”

“ಇಲ್ಲ. ಮೀನುಗಾರರ ಮನೆಯವಳಂತ ಕಾಲೇಜಲ್ಲಿ ನನ್ನನ್ನ ಬಂಗುಡೆ ಅಂತಲೇ ಕರೀತಾರೆ. ಮೂಗು ಮುಚ್ಕೊಳ್ತಾರೆ. ನಾಚಿಕೆ ಆಯ್ತು.”

ಅಜ್ಜಿ ಉಪ್ಪು ಹಾಕಿದ ಗಂಜಿತಿಳಿ ಕೊಟ್ಟಳು. “ಕುಡಿ. ನಾಳೆ ಮತ್ತೆ ಹೋಗು.”

ಮರುದಿನ ವಾರಿಜ ಕೂಗಿದಳು. ಏರಿನಲ್ಲಿ ಕೂಗು ಮುರಿಯಿತು. ಹೆಜ್ಜೆ ಸಣ್ಣ ಮಾಡಿದಳು, ಕೂಗು ಮರಳಿತು. ಆಗ ಅವಳಿಗೆ ತಿಳಿಯಿತು: ಕೂಗುವಷ್ಟು ಉಸಿರು ಉಳಿಸಿಕೊಂಡು ಓಡಿದರೆ ಬೀಳುವುದಿಲ್ಲ. ಒಂದು ತಿಂಗಳು ಹಾಗೇ ಓಡಿದಳು.

ಓಟದ ದಿನ ಬೆಳಿಗ್ಗೆಯೇ ಧಗೆ. ಉಳಿದವರೆಲ್ಲ ಬಾಣದಂತೆ ನುಗ್ಗಿದರು. ವಾರಿಜ ಕೊನೆಯವಳು.

ರಸ್ತೆ ಬದಿಯಿಂದ ಯಾರೋ ಅರಚಿದರು: “ಓ, ಬಂಗುಡೆ ಬಂತು! ಮೂಗು ಮುಚ್ಚಿ!”

ಉಸಿರು ಎಷ್ಟು ಉಳಿದಿದೆ ಎಂದು ಕೂಗಿ ನೋಡುವ ಹೊತ್ತೂ ಅದೇ ಆಗಿತ್ತು. ಕೊರಳೆತ್ತಿದಳು.

“ಬಂಗುಡೇ! ತಾಜಾ ಬಂಗುಡೇ!”

ದನಿ ಮುರಿಯಲಿಲ್ಲ. ನಕ್ಕವರೇ ಬೆಚ್ಚಿ ದಾರಿ ಬಿಟ್ಟರು.

ಆರನೇ ಕಿಲೋಮೀಟರಿನಲ್ಲಿ ಮುಂದಿದ್ದವರು ಒಬ್ಬೊಬ್ಬರಾಗಿ ಮರದ ನೆರಳು ಹಿಡಿದಿದ್ದರು. ವಾರಿಜ ಕೂಗುತ್ತಲೇ ಅವರನ್ನು ದಾಟಿದಳು. ಕೂಗುತ್ತಲೇ ಗುರಿ ಮುಟ್ಟಿದಳು, ಎಲ್ಲರಿಗಿಂತ ಮೊದಲು.

ಸಂಜೆ ಪದಕ ತಂದು ಅಜ್ಜಿಯ ಕೊರಳಿಗೆ ಹಾಕಿದಳು. ಅಜ್ಜಿ ಅದನ್ನು ತಿರುಗಿಸಿ ನೋಡಿ, ತೆಗೆಯದೆ ನೆಟ್ಟಗೆ ಕೂತಳು.

“ಅಜ್ಜಿ, ನಲವತ್ತು ವರ್ಷ ನೀವು ಇದೇ ಧಗೆಯಲ್ಲಿ ಓಡಿದ್ರಿ. ಒಬ್ಬರಾದ್ರೂ ಚಪ್ಪಾಳೆ ತಟ್ಟಿದ್ರಾ?”

ಅಜ್ಜಿ ನಕ್ಕಳು.

“ಹೇಗೆ ತಟ್ತಾರೆ ಮಗಾ? ಅವರ ಕೈಯೆಲ್ಲ ಮೀನುಸಾರಿನಲ್ಲಿತ್ತು.”