ಟಿಕ್ ಹಾಕದ ಹೆಸರು

ನದಿಯ ದಡದ ಆಶ್ರಮವೊಂದರಲ್ಲಿ ವಾಗೀಶ ಎಂಬ ಶಿಷ್ಯನಿದ್ದ. ಗಾಢನಿದ್ರೆಯಲ್ಲಿ 'ನಾನು' ಎಂಬುದು ಎಲ್ಲಿರುತ್ತದೆ ಎಂದು ಪಿಎಚ್‌.ಡಿ. ಪ್ರಬಂಧ ಬರೆಯುತ್ತ ಬರೆಯುತ್ತ ಅವನ ಸ್ವಂತ ನಿದ್ರೆ ಕೆಟ್ಟಿತ್ತು.

ಪ್ರಬಂಧ ಅಂದು ಸಂಜೆಯೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಉಳಿದಿದ್ದು ಒಂದೇ ಕೆಲಸ. ಅವನು ಓದಿದ ಪುಸ್ತಕಗಳ ವಿವರವೆಲ್ಲ ಆಶ್ರಮದ ಡಿಜಿಟಲ್ ಗ್ರಂಥಾಲಯದ ತಂತ್ರಾಂಶದಲ್ಲಿತ್ತು. ಅದನ್ನು ಉಲ್ಲೇಖಗಳನ್ನು ಜೋಡಿಸಿಕೊಡುವ ಇನ್ನೊಂದು ತಂತ್ರಾಂಶಕ್ಕೆ ಸಾಗಿಸಬೇಕಿತ್ತು. ಬೇಕಾದ ಪುಸ್ತಕಗಳ ಮುಂದೆ ಟಿಕ್ ಹಾಕಿದರೆ ಸಾಕು. ಯಾವ ಮಾತು ಯಾರದು ಎಂದು ಆ ತಂತ್ರಾಂಶವೇ ಪ್ರಬಂಧದೊಳಗೆ ಹೆಸರು ಕೂರಿಸುತ್ತದೆ.

ವಾಗೀಶ ಎಲ್ಲಕ್ಕೂ ಟಿಕ್ ಹಾಕಿದ. ಆಮೇಲೆ ಒಂದನ್ನು ತೆಗೆದ.

ಅದು ತ್ರಿಲೋಚನ ಪಂಡಿತರ ಪುಸ್ತಕ.

ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಈ ಪಂಡಿತರು ವಾಗೀಶನ ಗುರು ನಿತ್ಯಬೋಧರಿಗೆ ಒಂದು ಪ್ರಶ್ನೆ ಹಾಕಿದ್ದರು. ಗುರುಗಳು ಬಹಳ ಹೊತ್ತು ಯೋಚಿಸಿ, "ಗೊತ್ತಿಲ್ಲ" ಎಂದು ಕೂತುಬಿಟ್ಟಿದ್ದರು. ಜನ ನಕ್ಕಿದ್ದರು. ಗುರುಗಳ ಜೋಳಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದ ವಾಗೀಶನ ಕಿವಿಯಲ್ಲಿ ಆ ನಗು ಇನ್ನೂ ಇತ್ತು.

ಪುಸ್ತಕಗಳೆಲ್ಲ ಆ ಕಡೆಗೆ ಹೋದವು. ಹೆಸರುಗಳು ತಮ್ಮ ತಮ್ಮ ಜಾಗದಲ್ಲಿ ಕೂತವು. ಮೂರನೆಯ ಅಧ್ಯಾಯದಲ್ಲಿ ಒಂದು ಕಡೆ ಮಾತ್ರ ಹೆಸರಿಗೆ ಬದಲು ಪ್ರಶ್ನಾರ್ಥಕ ಚಿಹ್ನೆ ಕಾಣಿಸಿತು. ವಾಗೀಶ ಅದನ್ನೂ ಅಳಿಸಿದ.

ಈಗ ಆ ವಾಕ್ಯ ಅವನದೇ ಎಂಬಂತೆ ನಿಂತಿತು.

ಕಳಿಸಬಹುದಿತ್ತು. ಕಳಿಸಲಿಲ್ಲ. ಎದ್ದು ಹೊಳೆಯವರೆಗೆ ಹೋದ, ಕಾಲು ಒದ್ದೆಯಾಗುವ ಮೊದಲೇ ತಿರುಗಿ ಬಂದ. ನೀರು ಕುಡಿದ. ಮತ್ತೆ ಹೊರಗೆ ಹೋದ.

ಗುರುಗಳು ಜಗಲಿಯಲ್ಲಿ ಕೂತು ಹರಿದ ಚಾಪೆಯ ಅಂಚು ಹೊಲಿಯುತ್ತಿದ್ದರು.

"ಏನಯ್ಯಾ, ಕಾಲಿಗೆ ಇರುವೆ ಹತ್ತಿದೆಯೋ?"

"ಇಲ್ಲ ಗುರುಗಳೇ. ಪ್ರಬಂಧ ಕಳಿಸಬೇಕು."

"ಕಳಿಸು."

ವಾಗೀಶ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ.

"ಕಳಿಸಿದೆಯಾ?"

"ನೆಟ್‌ವರ್ಕ್ ಸರಿಯಿಲ್ಲ."

"ಈಗ ತಾನೇ ನಿನಗೆ ಪೇಟೆಯಿಂದ ಫೋನು ಬಂತಲ್ಲ? ಅವರ ಮಾತು ನನಗೂ ಕೇಳಿಸಿತು."

ವಾಗೀಶ ಒಳಗೆ ಹೋಗಲು ತಿರುಗಿದ.

"ಯಾವ ಅಧ್ಯಾಯ ನನ್ನೆದುರು ಓದೋಕೆ ನಿನಗೆ ಇಷ್ಟವಿಲ್ಲ?" ಎಂದರು ಗುರುಗಳು.

"ಮೂರನೆಯದು." ಮಾತು ತಾನಾಗಿ ಬಾಯಿಂದ ಜಾರಿತು.

"ಅದನ್ನೇ ತಂದು ಓದು."

ವಾಗೀಶ ಹಾಳೆಗಳನ್ನು ತಂದು ಓದತೊಡಗಿದ. ಆ ವಾಕ್ಯ ಹತ್ತಿರ ಬಂದಂತೆ ಅವನ ಓದು ಓಟವಾಯಿತು. "ಎದ್ದವನು 'ಸುಖವಾಗಿ ಮಲಗಿದ್ದೆ' ಎನ್ನುತ್ತಾನೆ. ಅವನಿಗದು ನೆನಪಿದೆಯೋ, ಅಥವಾ ಅಂಗಳಕ್ಕೆ ಬಂದ ಬಿಸಿಲು ನೋಡಿ ಊಹಿಸುತ್ತಾನೋ?"

ಗುರುಗಳ ಸೂಜಿ ನಿಂತಿತು.

"ಇನ್ನೊಮ್ಮೆ ಓದು."

ಓದಿದ.

"ಇದು ಯಾರ ಪ್ರಶ್ನೆ?"

"ಹೆಸರು ಹಾಕಿಲ್ಲ, ಗುರುಗಳೇ."

"ಹೆಸರಿಲ್ಲದಿದ್ದರೆ ಬರೆದವನದು. ಅಂದರೆ ನಿನ್ನದು."

"ಹೂಂ."

ಗುರುಗಳು ಸೂಜಿಯನ್ನು ಚಾಪೆಗೆ ಚುಚ್ಚಿಟ್ಟರು. ಕಂಬ ಹಿಡಿದು ಎದ್ದರು. ಹೊದ್ದಿದ್ದ ಬಟ್ಟೆ ತೆಗೆದು ಸೊಂಟಕ್ಕೆ ಸುತ್ತಿಕೊಂಡರು. ಕೈಮುಗಿದು, ಶಿಷ್ಯನ ಕಾಲಿಗೆ ಬಾಗತೊಡಗಿದರು.

ವಾಗೀಶ ಹಿಂದಕ್ಕೆ ಹಾರಿದ. ಹಾಳೆಗಳು ಜಗಲಿಯ ತುಂಬ ಚೆಲ್ಲಿದವು.

"ಅಯ್ಯೋ! ಏನು ಮಾಡ್ತಿದ್ದೀರಿ ಗುರುಗಳೇ? ನನಗೆ ಪಾಪ ಸುತ್ತಿಕೊಳ್ಳುತ್ತದೆ!"

"ಅಲ್ಲಾಡದೆ ನಿಲ್ಲಯ್ಯ. ಈ ಪ್ರಶ್ನೆ ಕೊಟ್ಟವರಿಗೆ ದಿನಾ ಬೆಳಿಗ್ಗೆ ಎದ್ದಕೂಡಲೇ ದೂರದಿಂದ ಕೈಮುಗಿಯುತ್ತಿದ್ದೆ. ನೀನು ಇಷ್ಟು ಹತ್ತಿರದಲ್ಲೇ ಇದ್ದೀಯ ಅಂತ ಗೊತ್ತಿರಲಿಲ್ಲ."

"ನನ್ನದಲ್ಲ! ಅದು ನನ್ನದಲ್ಲ. ತ್ರಿಲೋಚನ ಪಂಡಿತರದು."

ಗುರುಗಳು ಬೆನ್ನಿಗೆ ಕೈಯೂರಿ ನೆಟ್ಟಗಾದರು. "ಮೊದಲೇ ಹೇಳಬಾರದಿತ್ತೇ? ಸೊಂಟ ಉಳಿಯುತ್ತಿತ್ತು."

"ನಿಮ್ಮನ್ನು ಅಷ್ಟು ಜನರೆದುರು ನಗೆಪಾಟಲು ಮಾಡಿದವರು ಅವರು. ಆ ಹೆಸರನ್ನು ನನ್ನ ಕೈಯಾರೆ ಹೇಗೆ ಹಾಕಲಿ?"

"ಅವರ ಪ್ರಶ್ನೆಯನ್ನು ಹೇಗೆ ತೆಗೆದುಕೊಂಡೆಯೋ ಹಾಗೆ."

"ಅದಿಲ್ಲದೆ ಅಧ್ಯಾಯವೇ ನಿಲ್ಲುವುದಿಲ್ಲ, ಗುರುಗಳೇ."

ಗುರುಗಳು ಕೂತು ಸೂಜಿ ಎತ್ತಿಕೊಂಡರು.

ವಾಗೀಶ ಹಾಳೆಗಳನ್ನು ಬಾಚಿಕೊಂಡು ಒಳಗೆ ಹೋದ. ಬಿಟ್ಟಿದ್ದ ಪುಸ್ತಕಕ್ಕೆ ಟಿಕ್ ಹಾಕಿ ಸಾಗಿಸಿದ. ಅಳಿಸಿದ ಜಾಗ ಹುಡುಕಿ ಉಲ್ಲೇಖ ಸೇರಿಸಿದ. ಕೊನೆಯಲ್ಲಿದ್ದ ಪುಸ್ತಕಗಳ ಪಟ್ಟಿ ಒಮ್ಮೆ ಅಲುಗಿ, ಹೊಸ ಹೆಸರಿಗೆ ಜಾಗ ಮಾಡಿಕೊಟ್ಟಿತು. ಎಲ್ಲಿ ಎಂದು ನೋಡಿದವನು ಮತ್ತೆ ಹೊರಗೆ ಓಡಿಬಂದ.

"ಗುರುಗಳೇ, ಪಟ್ಟಿ ಅಕಾರಾದಿ ಕ್ರಮದಲ್ಲಿ ಬರುತ್ತದೆ. ಅವರ ಪುಸ್ತಕ ಸರಿಯಾಗಿ ನಿಮ್ಮ ಪುಸ್ತಕದ ಮೇಲೆ ಬಂದು ಕೂತಿದೆ. ಬದಲಾಯಿಸೋಕೂ ಆಗೋದಿಲ್ಲ."

ಗುರುಗಳು ದಾರ ಎಳೆದು ಗಂಟು ಹಾಕಿದರು.

"ಆ ದಿನ ಸಭೆಯಲ್ಲೂ ಅವರು ಮೇಲೇ ಕೂತಿದ್ದರು ಕಣೋ. ಪ್ರಶ್ನೆ ನನಗೆ ಸರಿಯಾಗಿ ಕೇಳಿಸಿದ್ದು ಅದಕ್ಕೇ."