ದಾಸೋಹದ ಬಾಗಿಲಲ್ಲಿ ಕೇಳಿದ ಹೆಸರು

ಕೃಷ್ಣಾ ಹೊಳೆ ದಾಟಿದ ಮೊದಲ ಕಂಪ್ಯೂಟರು ನನ್ನ ತಲೆಯ ಮೇಲೆ ಕೂತು ದಾಟಿತು.

ಹೊಳೆ ದಡ ಮೀರಿ ಹರಿಯುತ್ತಿತ್ತು. ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡೆ, ಒಂದು ಕೈಯಲ್ಲಿ ಈಜಿದೆ. ನಡುನೀರಿನಲ್ಲಿ ಮೊಸಳೆ ಎದುರಾಯಿತು. ನನ್ನ ಮುಖ ನೋಡಿ ದಾರಿ ಬಿಟ್ಟಿತು.

ಇದನ್ನು ಕಂಡವರು ಆಶ್ರಮದ ಅಡವಯ್ಯಜ್ಜಾರು, ಅವರ ಶಿಷ್ಯ ರೇವಣ, ಮತ್ತೆ ಆ ಮೊಸಳೆ. ಅಜ್ಜಾರು ಲಿಂಗೈಕ್ಯರಾದರು. ರೇವಣ ಉತ್ತರದ ಕಡೆ ಹೋದವ ಮರಳಲಿಲ್ಲ. ಮೊಸಳೆಯೂ ಸತ್ತಿತು. ಈಗ ನನ್ನನ್ನೇ ಕೇಳಬೇಕು.

ಕಂಪ್ಯೂಟರು ಯಾಕೆ ಬಂತು ಅಂತ ಹೇಳುತ್ತೇನೆ.

ಹೊಳೆದಂಡೆಯ ಆ ಆಶ್ರಮದಲ್ಲಿ ದಿನಾ ದಾಸೋಹ. ಬಂದವರಿಗೆಲ್ಲ ಊಟ. ಒಂದು ದಿನ ಅನ್ನ ಉಳಿಯುತ್ತಿತ್ತು, ಒಂದು ದಿನ ಸಾಲುತ್ತಿರಲಿಲ್ಲ. ಆ ಕಾಲಕ್ಕೆ ನಾನು ಪಂಕ್ತಿಗೆ ಕೂತರೆ ಒಂದು ಹಂಡೆ ಖಾಲಿಯಾಗುತ್ತಿತ್ತು, ಅದು ಬೇರೆ ಮಾತು.

ಅಡುಗೆಯ ದ್ಯಾಮಣ್ಣ ಅಜ್ಜಾರ ಮುಂದೆ ಗೋಳಾಡಿದ.

"ಎಷ್ಟು ಮಂದಿ ಉಣ್ತಾರ ಅಂತ ಒಂದೀಟು ಅಂದಾಜು ಸಿಕ್ರ ಸಾಕ್ರಿ ಅಜ್ಜಾರ. ಕುರುಡನಂಗ ಅಕ್ಕಿ ಸುರೀತೀನಿ."

ಅಜ್ಜಾರು ರೇವಣನನ್ನು ಕರೆದರು.

"ತಮ್ಮಾ, ಇದಕ್ಕ ಪಟ್ಟಣದಾಗ ಸಾಫ್ಟ್‌ವೇರ್ ಮಾಡಿಕೊಡ್ತಾರಂತ. ಅವರ ಮಾತು ದ್ಯಾಮಣ್ಣಗ ತಿಳಿಯೂದಿಲ್ಲ. ದ್ಯಾಮಣ್ಣನ ಮಾತು ಅವರಿಗೆ ತಿಳಿಯೂದಿಲ್ಲ. ನೀ ನಡುವ ನಿಲ್ಲು."

"ನಿಂತು ಏನ ಮಾಡ್ಲಿರಿ?"

"ಕೇಳು."

"ಕೇಳೂದು ಒಂದು ಕೆಲಸೇನ್ರಿ ಅಜ್ಜಾರ?"

"ಮಾಡಿ ನೋಡು."

ಪಟ್ಟಣದವರು ಈ ಕೆಲಸಕ್ಕೆ ಬಿಸಿನೆಸ್ ಅನಲಿಸ್ಟ್ ಅಂತ ಹೆಸರಿಟ್ಟು ಕುರ್ಚಿ ಕೊಡುತ್ತಾರಂತೆ. ನಮ್ಮ ಕಡೆ ಮದುವೆ ಮಾಡಿಸುವವನು ಮಾಡುವುದೂ ಇದನ್ನೇ. ಅವನಿಗೆ ಒಂದು ಕಪ್ ಚಹಾ ಕೊಡುತ್ತಾರೆ, ಆಮೇಲೆ ಬೈಯುತ್ತಾರೆ.

ರೇವಣ ದ್ಯಾಮಣ್ಣನನ್ನು ಕೇಳಿದ. ಉಗ್ರಾಣದವನನ್ನು ಕೇಳಿದ. ಅಕ್ಕಿ ಕೊಡುವ ಭಕ್ತರನ್ನೂ ಕೇಳಿದ. ಪಟ್ಟಣಕ್ಕೆ ಹೋಗಿ ಹೇಳಿದ, ಬಂದ, ಮತ್ತೆ ಹೋದ.

ಕಡೆಗೆ ಒಂದು ದಿನ ಕಂಪ್ಯೂಟರು ಬಂತು. ನನ್ನ ತಲೆಯ ಮೇಲೆ. ಮರುದಿನವೇ ಅದನ್ನು ದಾಸೋಹದ ಬಾಗಿಲಲ್ಲಿ ಇಟ್ಟರು.

ಅವತ್ತೇ ಆಚೆ ದಡದಿಂದ ಒಬ್ಬ ಹೆಂಗಸು ಬಂದಳು. ಬಗಲಲ್ಲಿ ಕೂಸು. ಸುಡುವ ಉಸುಕಿನಲ್ಲಿ ಹೊಳೆಯನ್ನು ನಡೆದೇ ದಾಟಿದ್ದಳು. ಅಂಗಾಲಿಗೆ ಬೊಬ್ಬೆ ಬಂದಿತ್ತು. ಹಣೆಯ ಮೇಲೆ ಹಳೆಯ ಗಾಯ, ಅದರ ಪಕ್ಕದಲ್ಲೇ ಒಂದು ಹೊಸದು.

ರೇವಣ ಕಂಪ್ಯೂಟರಿನ ಮುಂದೆ ಕೂತಿದ್ದ.

"ಹೆಸರು ಹೇಳ್ರೆವ್ವಾ."

"ಹೆಸರು ಯಾಕ್ರಿ?"

"ಸುಮ್ನ ಬರ್ಕೊಳ್ಳಾಕ. ಹೆಸರು, ಊರು, ಗಂಡನ ಹೆಸರು. ಅಷ್ಟ."

ಆಕೆ ಹಣೆಯ ಮೇಲೆ ಸೆರಗು ಎಳೆದುಕೊಂಡಳು. ಹಿಂದೆ ಸರಿದು ಬೇವಿನ ಮರದ ಕೆಳಗೆ ಹೋಗಿ ಕೂತಳು. ಕೂಸು ಅಳುತ್ತಿತ್ತು.

ಸಾಲಿನಲ್ಲಿ ಆಕೆಯ ಹಿಂದೆ ನಿಂತಿದ್ದವರು ಅಜ್ಜಾರು.

"ಅಯ್ಯ, ನೀವ್ಯಾಕ ಸಾಲಿನ್ಯಾಗ ನಿಂತ್ರಿ? ಒಳಗ ಬರ್ರಿ," ಅಂದ ರೇವಣ.

"ಹೆಸರು ಕೇಳು."

"ನಿಮ್ಮ ಹೆಸರು ನನಗ ಗೊತ್ತಿಲ್ಲೇನ್ರಿ?"

"ಹಂಗಾದ್ರ ಗುರ್ತಿದ್ದವರಿಗೆ ಊಟ, ಗುರ್ತಿಲ್ಲದವರಿಗೆ ಪ್ರಶ್ನೆ."

ಅಜ್ಜಾರು ತಿರುಗಿ ನಡೆದರು. ಹೋಗಿ ಬೇವಿನ ಮರದ ಇನ್ನೊಂದು ಮಗ್ಗುಲಿಗೆ ಕೂತರು.

ರೇವಣ ಎರಡು ತಾಟು ಹಿಡಿದು ಓಡಿದ. ಆಕೆ ತಾಟು ಮುಟ್ಟಲಿಲ್ಲ.

"ಮೊದಲ ಉಣಿಸಿ ಆಮ್ಯಾಲೆ ಕೇಳ್ತೀರಿ," ಅಂದಳು.

ಅಜ್ಜಾರೂ ಮುಟ್ಟಲಿಲ್ಲ. ಎಂಬತ್ತು ದಾಟಿದ ಜೀವ. ಮುಂಜಾನೆಯಿಂದ ನೀರು ಬಿಟ್ಟು ಏನೂ ಇಳಿದಿರಲಿಲ್ಲ. ರೇವಣ ತಾಟುಗಳನ್ನು ಕೆಳಗಿಟ್ಟ.

"ನಾ ಎಲ್ಲಾರನ್ನೂ ಕೇಳೀನ್ರಿ ಅಜ್ಜಾರ! ಒಬ್ಬರನ್ನೂ ಬಿಟ್ಟಿಲ್ಲ!"

"ದ್ಯಾಮಣ್ಣ ಏನ ಬೇಡಿದ?"

"ಎಷ್ಟು ಮಂದಿ ಅಂತ ತಿಳೀಬೇಕಂದ."

"ಹೆಸರು ಬೇಡಿದನೇನು?"

"ಇಲ್ರಿ."

"ಅಕ್ಕಿ ಕೊಟ್ಟವರು?"

"ಅವರೂ ಇಲ್ರಿ. ಪಟ್ಟಣದವರು ಒಂದು ಮಾತು ಕೇಳಿದ್ರು. ಒಬ್ಬನ ಎರಡು ಸಲ ಉಂಡ್ರ ಹೆಂಗ ಅಂತ."

"ಆ ಮಾತು ತಂದು ಇಲ್ಲಿ ಯಾರ ಮುಂದ ಇಟ್ಟಿ?"

ರೇವಣ ನೆಲ ನೋಡಿದ.

"ಯಾರ ಮುಂದೂ ಇಲ್ರಿ. ಹೆಸರು ಬರ್ಕೊಂಡ್ರ ಆತು ಅಂತ ಅಲ್ಲೇ ಹೇಳಿಬಿಟ್ಟೆ. ಅಷ್ಟು ಸಣ್ಣ ಮಾತಿಗೆ ಮತ್ತ ಇಲ್ಲೀತನಕ ಯಾಕ ಬರೂದು ಅಂತ."

ಅಜ್ಜಾರು ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು.

"ದ್ಯಾಮಾ! ಒಬ್ಬನ ಎರಡು ಸಲ ಉಂಡ್ರ ನಿನಗ ಎಷ್ಟು ಮಂದಿ?"

ಹೊಗೆಯೊಳಗಿಂದ ಉತ್ತರ ಬಂತು.

"ಇಬ್ಬರ್ರಿ ಅಜ್ಜಾರ! ಎರಡು ತಾಟು ಅನ್ನ ಹೋಗೂದಿಲ್ಲೇನ್ರಿ?"

ರೇವಣ ಬಾಗಿಲಿಗೆ ಹೋಗಿ ಕಂಪ್ಯೂಟರಿನ ವೈರು ಕಿತ್ತ. ಬರೆದುಕೊಂಡಿದ್ದ ಹೆಸರುಗಳು ಹೋಗಲಿ ಅಂದ. ಪೆಟ್ಟಿಗೆಯನ್ನು ಎತ್ತಿ ತಾಟು ಜೋಡಿಸಿಟ್ಟ ಮೂಲೆಗೆ ಒಯ್ದ. ತಾಟು ಎಣಿಸಿದರೆ ಸಾಕು, ಮನುಷ್ಯರ ಗೊಡವೆ ಬೇಡ ಅಂತ ಪಟ್ಟಣದವರಿಗೆ ಹೇಳಿ ಕಳಿಸಿದ.

ಬಾಗಿಲು ಬರಿದಾಗಿತ್ತು.

ಆಕೆ ಎಷ್ಟೋ ಹೊತ್ತು ಆ ಬರೀ ಬಾಗಿಲನ್ನು ನೋಡಿದಳು. ಕೂಸನ್ನು ಎತ್ತಿಕೊಂಡು ಎದ್ದಳು. ಒಳಗೆ ಬಂದು ಪಂಕ್ತಿಯ ತುದಿಗೆ ಕೂತಳು. ಅಜ್ಜಾರು ಆಕೆಯ ಪಕ್ಕದಲ್ಲಿ ಕೂತರು.

ರೇವಣ ತಾನೇ ಬಡಿಸಿದ. ಆಕೆ ತಲೆ ಎತ್ತದೆ ಉಂಡಳು. ಕೂಸಿಗೆ ಅನ್ನ ಕಿವುಚಿ ಉಣಿಸಿದಳು. ತಾಟು ಬರಿದಾಯಿತು. ಆಕೆ ಏಳಲಿಲ್ಲ. ಬೇಡಲೂ ಇಲ್ಲ.

ರೇವಣ ಆಕೆಯ ಮುಂದೆ ಬಾಗಿ ಬಾಯಿ ತೆರೆದ. ಹೆದರಿ ಮುಚ್ಚಿಕೊಂಡ. ಅಜ್ಜಾರ ಮುಖ ನೋಡಿದ.

"ಏನ ಕೇಳಾಕ ಹೊಂಟಿದ್ದಿ?" ಅಂದರು ಅಜ್ಜಾರು.

"ಇನ್ನೊಂದೀಟು ಅನ್ನ ಹಾಕಲೇನು ಅಂತ ಕೇಳಬೇಕಂದಿದ್ದೆರಿ."

"ಅದನ್ನ ಕೇಳು."

ಮೊನ್ನೆ ಅದೇ ಪಂಕ್ತಿಯಲ್ಲಿ ಕೂತು ಈ ಕಥೆ ಹೇಳುತ್ತಿದ್ದೆ. ಪಕ್ಕದ ತಾಟಿನ ಕಾಶವ್ವ, ಸಂತೆಯಲ್ಲಿ ಚುರುಮುರಿ ಮಾರುವವಳು, ತುತ್ತು ಅರ್ಧಕ್ಕೇ ನಿಲ್ಲಿಸಿದಳು.

"ಮುದಕಪ್ಪಾ, ಆ ಹೆಂಗಸು ಹೊಳಿ ದಾಟಿ ನಡಕೋತ ಬಂದಳಂದಿ?"

"ಹೌದು."

"ಸುಡೂ ಉಸುಕಿನ್ಯಾಗ?"

"ಹೌದವ್ವಾ, ಬೊಬ್ಬಿ ಬಂದಿದ್ದುವು."

"ಹಿಂದಿನ ದಿನ ನೀ ಅದ ಹೊಳ್ಯಾಗ ಮೊಸಳಿ ಜೋಡಿ ಈಜಿದಿ?"

ಪಂಕ್ತಿಯಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು. ನಾನು ಬಡಿಸುವವನನ್ನು ಕೈಮಾಡಿ ಕರೆದೆ.

"ಕಾಶವ್ವಾ, ಇನ್ನೊಂದೀಟು ಅನ್ನ ಹಾಕ್ಸಲೇನು?"